ನ್ಯಾಯಮೂರ್ತಿಯ ಹೆಸರಿನ ಉಪನ್ಯಾಸ ಯಾರ ಕಿವಿಗೆ?

2021ರ ಜೂನ್ 30ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಅಹಮದಾಬಾದಿನ ನ್ಯಾಯಮೂರ್ತಿ ಪಿ.ಡಿ. ದೇಸಾಯಿ ಸ್ಮಾರಕ ಉಪನ್ಯಾಸಮಾಲೆಯ ಹದಿನೇಳನೆಯ ಉಪನ್ಯಾಸ ನೀಡಿದರು. ಕೋವಿಡ್ ಕಾಲವಾದ್ದರಿಂದ ಅದು ಆನ್‌ಲೈನಿನಲ್ಲಿ ನಡೆಯಿತು. ವಿಷಯ ಕಾನೂನಿನ ಆಳ್ವಿಕೆ. ಕೆಲವು ವರ್ಷಗಳಿಗೊಮ್ಮೆ ಆಳುವವರನ್ನು ಬದಲಿಸುವ ಹಕ್ಕು ಇದ್ದಮಾತ್ರಕ್ಕೆ ದಬ್ಬಾಳಿಕೆಯಿಂದ ರಕ್ಷಣೆ ಸಿಕ್ಕಂತಾಗುವುದಿಲ್ಲ ಎಂದು ಅವರು ಆಡಿದ ಮಾತನ್ನು ಮರುದಿನದ ಪತ್ರಿಕೆಗಳು ಎತ್ತಿ ಹಿಡಿದವು. ಅಲ್ಲಿಯವರೆಗೆ ನಡೆದ 17 ಮಹಾಚುನಾವಣೆಗಳಲ್ಲಿ ಜನ ಎಂಟು ಸಲ ಆಳುವ ಪಕ್ಷವನ್ನೋ ಕೂಟವನ್ನೋ ಬದಲಿಸಿದ್ದಾರೆ ಎಂಬ ಲೆಕ್ಕವನ್ನೂ ಅವರು ಕೊಟ್ಟಿದ್ದರು. ಆದರೆ ಅದೇ ಉಪನ್ಯಾಸದಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ಕಾನೂನಿನ ಆಳ್ವಿಕೆಗೆ ನಾಲ್ಕು ತತ್ತ್ವಗಳನ್ನು ಹೇಳುತ್ತ ಅವರು ಮೊದಲಿಗೆ ಇಟ್ಟದ್ದು ಇದನ್ನು: ಕಾನೂನು ಸ್ಪಷ್ಟವಾಗಿರಬೇಕು, ಜನರ ಕೈಗೆ ಎಟುಕುವಂತಿರಬೇಕು, ಸರಳವಾದ ಭಾಷೆಯಲ್ಲಿರಬೇಕು, ಪಾಲಿಸಬೇಕಾದವರಿಗೆ ಕಾನೂನು ಏನೆಂದು ಗೊತ್ತಿರಬೇಕು. ಈ ಮಾತು ಬಂದದ್ದು ಇಂಗ್ಲಿಷಿನಲ್ಲಿ, ಕೇಳಿದವರು ಬಹುಪಾಲು ವಕೀಲರು, ನ್ಯಾಯಾಧೀಶರು, ಕಾನೂನು ವಿದ್ಯಾರ್ಥಿಗಳು. ಯಾರಿಗೆ ಕಾನೂನು ತಿಳಿಯಬೇಕು ಎಂದು ಆ ಉಪನ್ಯಾಸ ಹೇಳುತ್ತಿತ್ತೋ ಅವರಲ್ಲಿ ಹೆಚ್ಚಿನವರಿಗೆ ಪತ್ರಿಕೆಯ ಎರಡು ಸಾಲಿನ ಸುದ್ದಿಯಷ್ಟೇ ಮುಟ್ಟಿತು.

ಇದರ ಹೊಣೆಯನ್ನು ರಮಣ ಅವರ ತಲೆಗೆ ಕಟ್ಟಲಾಗದು. ಭಾರತದಲ್ಲಿ ದಿವಂಗತ ನ್ಯಾಯಮೂರ್ತಿಗಳ ಹೆಸರಿನಲ್ಲಿ ನಡೆಯುವ ವಾರ್ಷಿಕ ಉಪನ್ಯಾಸಗಳ ಕಟ್ಟುಪಾಡೇ ಹಾಗಿದೆ. ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಆ ಹುದ್ದೆ ಬಿಟ್ಟ ಮೇಲೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಇಳಿದ ವಿ.ಎಂ. ತಾರ್ಕುಂಡೆ, ದೆಹಲಿ ಹೈಕೋರ್ಟಿನಲ್ಲಿದ್ದಾಗಲೇ 1994ರಲ್ಲಿ ತೀರಿಕೊಂಡ ಸುನಂದಾ ಭಂಡಾರೆ, ತುರ್ತುಪರಿಸ್ಥಿತಿಯ ಕಾಲದ ಬಂಧನಗಳ ಮೊಕದ್ದಮೆಯಲ್ಲಿ ಒಬ್ಬರೇ ಭಿನ್ನಮತ ಬರೆದ ಎಚ್.ಆರ್. ಖನ್ನಾ, ನಮ್ಮವರೇ ಆದ ಇ.ಎಸ್. ವೆಂಕಟರಾಮಯ್ಯ, ಇವರೆಲ್ಲರ ಹೆಸರಿನಲ್ಲಿ ಉಪನ್ಯಾಸಗಳು ನಡೆದಿವೆ. ದೊಡ್ಡ ಊರಿನ ಸಭಾಂಗಣ, ದೀಪ ಬೆಳಗುವುದು, ಭಾವಚಿತ್ರಕ್ಕೆ ಹಾರ, ದಿವಂಗತರ ಗುಣಗಾನಕ್ಕೆ ಹದಿನೈದು ನಿಮಿಷ, ಆಮೇಲೆ ಗಣ್ಯರೊಬ್ಬರ ಭಾಷಣ. ಭಾಷಣ ಒಳ್ಳೆಯದೇ ಆಗಿರುತ್ತದೆ. ಆದರೆ ಯಾರ ಹೆಸರಿನಲ್ಲಿ ಸೇರಿದ್ದೇವೋ ಆ ನ್ಯಾಯಮೂರ್ತಿ ಬರೆದ ಒಂದೇ ಒಂದು ತೀರ್ಪನ್ನಾದರೂ ಬಿಡಿಸಿ ಓದಿ, ಅದರಿಂದ ಯಾರ ಬದುಕು ಹೇಗೆ ಬದಲಾಯಿತು ಎಂದು ತೋರಿಸುವ ಪರಿಪಾಠ ನಮ್ಮಲ್ಲಿ ಬೆಳೆದಿಲ್ಲ. ನ್ಯಾಯಾಧೀಶನ ಬದುಕಿನ ಕೆಲಸವೆಂದರೆ ತೀರ್ಪು ಬರೆಯುವುದು. ಅವನ ನೆನಪಿನ ಕಾರ್ಯಕ್ರಮದಲ್ಲಿ ಅವನ ತೀರ್ಪೇ ಕಾಣದಿದ್ದರೆ ಉಳಿಯುವುದು ಹೆಸರು ಮಾತ್ರ. ನನ್ನ ವಾದ ಇಷ್ಟೇ. ಇಂಥ ಉಪನ್ಯಾಸ ಜನರ ಭಾಷೆಯಲ್ಲಿ, ವಕೀಲರಲ್ಲದವರ ಮುಂದೆ, ಆ ನ್ಯಾಯಮೂರ್ತಿಯದೇ ತೀರ್ಪೊಂದನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಆಗ ಮಾತ್ರ ಅದನ್ನು ಕಾನೂನು ಶಿಕ್ಷಣ ಎಂದು ಕರೆಯಬಹುದು.

ಈ ಆಲೋಚನೆ ಹೊಸದಲ್ಲ. ಇಂಗ್ಲೆಂಡಿನ ಹ್ಯಾಮ್ಲಿನ್ ಉಪನ್ಯಾಸಮಾಲೆ ಹುಟ್ಟಿದ್ದೇ ಇದಕ್ಕಾಗಿ. ಟಾರ್ಕೀ ಎಂಬ ಕಡಲತೀರದ ಊರಿನ ಎಮ್ಮಾ ಹ್ಯಾಮ್ಲಿನ್ 1941ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯ ಉಳಿಕೆ ಭಾಗವನ್ನು ತಂದೆಯ ನೆನಪಿಗೆ ಬಿಟ್ಟರು. ತಂದೆ ವಿಲಿಯಂ ಬಸಲ್ ಹ್ಯಾಮ್ಲಿನ್ ಊರಿನ ವಕೀಲ. ಸಣ್ಣಪುಟ್ಟ ಮೊಕದ್ದಮೆಗಳನ್ನು ಕೇಳುವ ಗೌರವ ನ್ಯಾಯಾಧಿಕಾರಿಯೂ ಆಗಿದ್ದವರು. ದೇಶದ ಸಾಮಾನ್ಯ ಜನರು ತಮಗಿರುವ ಕಾನೂನಿನ ಸವಲತ್ತುಗಳನ್ನು ಅರಿಯಬೇಕು, ಅರಿತು ಅದರೊಂದಿಗೆ ಬರುವ ಹೊಣೆಯನ್ನೂ ಒಪ್ಪಬೇಕು ಎಂಬುದು ಉಯಿಲಿನ ಆಶಯ. ಉಯಿಲಿನ ಬರವಣಿಗೆ ಅಸ್ಪಷ್ಟವಾಗಿದ್ದರಿಂದ ಕೊನೆಗೆ ನ್ಯಾಯಾಲಯವೇ 1948ರಲ್ಲಿ ಒಂದು ಯೋಜನೆಯನ್ನು ಒಪ್ಪಬೇಕಾಯಿತು. 1949ರಲ್ಲಿ ಮೊದಲ ಉಪನ್ಯಾಸಗಳನ್ನು ಕೊಟ್ಟವರು ಲಾರ್ಡ್ ಡೆನಿಂಗ್. ವ್ಯಕ್ತಿಸ್ವಾತಂತ್ರ್ಯದ ಬಗ್ಗೆ, ಅಕ್ರಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಬಗ್ಗೆ ಅವರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಕತೆ ಹೇಳಿದಂತೆ ಮಾತಾಡಿದರು. ಅದು ಸಣ್ಣ ಪುಸ್ತಕವಾಗಿ ಅಚ್ಚಾಗಿ ಮನೆಮನೆಗೆ ಹೋಗಬಹುದಾದ ರೂಪ ಪಡೆಯಿತು. 1960ರಲ್ಲಿ ನಮ್ಮ ಮೊದಲ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಅದೇ ವೇದಿಕೆಯಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಕಾನೂನಿನ ಕುರಿತು ಮಾತಾಡಿದರು. ಬರುಬರುತ್ತ ಆ ಮಾಲೆಯೂ ಹೆಚ್ಚಾಗಿ ಪಂಡಿತರ ಪಾಲಾಯಿತು. ಉಯಿಲಿನಲ್ಲಿ ‘ಸಾಮಾನ್ಯ ಜನ’ ಎಂದು ಬರೆದಿಟ್ಟರೂ ಅವರನ್ನು ಸಭೆಗೆ ಕರೆತರುವುದು ಸುಲಭವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹೀಗಾಗಿ ಆಶಯವೊಂದೇ ಸಾಲದು. ಭಾಷೆ, ಸ್ಥಳ, ಕೈಗೆ ಕೊಡುವ ಪಠ್ಯ ಇವನ್ನು ಮೊದಲೇ ಗೊತ್ತುಮಾಡಬೇಕು.

ತೀರ್ಪನ್ನೇ ಪಠ್ಯವಾಗಿಟ್ಟರೆ ಏನು ದಕ್ಕುತ್ತದೆ? ಖನ್ನಾ ಅವರ ಪ್ರಕರಣವನ್ನೇ ಹತ್ತಿರದಿಂದ ನೋಡೋಣ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಲಾಯಿತು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಬೇರೆ ಬೇರೆ ರಾಜ್ಯಗಳಲ್ಲೂ ಇಂಥ ಅರ್ಜಿಗಳು ಬಂದವು. ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿಯನ್ನು ಕೇಳುವಂತೆಯೇ ಇಲ್ಲ ಎಂಬ ಸರ್ಕಾರದ ತಕರಾರನ್ನು ನಮ್ಮದೂ ಸೇರಿ ಹಲವು ಹೈಕೋರ್ಟುಗಳು ಒಪ್ಪಲಿಲ್ಲ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ವಿದ್ಯಾರ್ಥಿಗಳು ಎಡಿಎಂ ಜಬಲ್ಪುರ ಎಂದು ಕರೆಯುವ ಮೊಕದ್ದಮೆ ಅದು. ವಿಚಾರಣೆಯಲ್ಲಿ ಖನ್ನಾ ಅವರು ಅಟಾರ್ನಿ ಜನರಲ್ ನೀರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಸಂವಿಧಾನದ 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆಗೆ ಜೀವವೂ ಇದೆಯಲ್ಲ; ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ನಿಮ್ಮ ವಾದದ ಪ್ರಕಾರ ನ್ಯಾಯಾಲಯ ಏನೂ ಮಾಡುವಂತಿಲ್ಲವೇ? ತುರ್ತುಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎಂದು ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ, ಖನ್ನಾ ಒಬ್ಬರೇ ವಿರುದ್ಧ. ಮರುವರ್ಷ ಹಿರಿತನವನ್ನು ಬದಿಗಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನದ ಹಕ್ಕನ್ನು ಎತ್ತಿಹಿಡಿಯುವಾಗ ಆ ಬಹುಮತದ ತೀರ್ಪನ್ನು ಅಳಿಸಿಹಾಕಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡರ ತೀರ್ಮಾನ ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಬೆಂಗಳೂರಿನ ಜೈಲಿನಿಂದ ಶುರುವಾಗಿ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿಯ ಅರ್ಜಿಯಲ್ಲಿ ಮುಗಿಯುವ ಈ ಕತೆಯನ್ನು ಹೈಸ್ಕೂಲು ಮೇಷ್ಟರಿಗೆ, ಸಹಕಾರ ಸಂಘದ ಕಾರ್ಯದರ್ಶಿಗೆ, ಪೊಲೀಸ್ ಸಬ್‌ಇನ್‌ಸ್ಪೆಕ್ಟರಿಗೆ ಕನ್ನಡದಲ್ಲಿ ಒಂದೂವರೆ ಗಂಟೆಯಲ್ಲಿ ಹೇಳಬಹುದು. ಇಲ್ಲಿ ‘ಖನ್ನಾ ಧೀರರು’ ಎಂಬ ಹೊಗಳಿಕೆಗಿಂತ ಹೆಚ್ಚು ಕಲಿಸುವುದು ಅವರ ತರ್ಕ. ಜೀವ ಮತ್ತು ಸ್ವಾತಂತ್ರ್ಯವನ್ನು ಸಂವಿಧಾನ ನಮಗೆ ದಾನವಾಗಿ ಕೊಟ್ಟದ್ದಲ್ಲ, ಅದು ಬರೆಯುವ ಮೊದಲೂ ಕಾನೂನಿನ ಬಲವಿಲ್ಲದೆ ಯಾರನ್ನೂ ಹಿಡಿದಿಡುವಂತಿರಲಿಲ್ಲ ಎಂಬುದು ಅವರ ನೆಲೆ. ಎದುರಿನ ನಾಲ್ವರೂ ದಡ್ಡರಲ್ಲ, ಅವರಿಗೂ ಒಂದು ತರ್ಕವಿತ್ತು: ರಾಷ್ಟ್ರಪತಿಗಳ ಆದೇಶ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿರುವಾಗ ಒಳಗೆ ಬರುವ ದಾರಿ ಯಾವುದು ಎಂಬುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ನಾಗರಿಕನಿಗೆ ನ್ಯಾಯಾಧೀಶರು ಹೇಗೆ ಯೋಚಿಸುತ್ತಾರೆ, ಏಕೆ ಭಿನ್ನರಾಗುತ್ತಾರೆ, ತಪ್ಪಿದರೆ ತಿದ್ದಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ತಿಳಿಯುತ್ತದೆ. ಇದು ತಿಳಿದವನು ನಾಳೆ ಒಂದು ತೀರ್ಪನ್ನು ಟೀಕಿಸಿದರೂ ಕಾರಣ ಕೊಟ್ಟು ಟೀಕಿಸುತ್ತಾನೆ, ಹೊಗಳಿದರೂ ಕಾರಣ ಕೊಟ್ಟು ಹೊಗಳುತ್ತಾನೆ.

ದೇಸಾಯಿ ಅವರ ವಿಷಯಕ್ಕೇ ಮರಳೋಣ. ಅವರು ಹಿಮಾಚಲ ಪ್ರದೇಶ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅವರು ಹಿಮಾಚಲದಲ್ಲಿದ್ದ ಕಾಲದಲ್ಲಿ ಶಿಮ್ಲಾ ಸೀಮೆಯ ಬಡ ಹಳ್ಳಿಗರು, ಅವರಲ್ಲಿ ಹೆಚ್ಚಿನವರು ದಲಿತರು, ತಮ್ಮೂರಿಗೆ ಬರಬೇಕಾದ ರಸ್ತೆಯ ಕೆಲಸ ನಿಂತುಹೋಗಿದೆ ಎಂದು ಹೈಕೋರ್ಟಿಗೆ ಒಂದು ಪತ್ರ ಬರೆದರು. ಹೈಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1986ರ ಉಮೇದ್ ರಾಮ್ ಶರ್ಮಾ ತೀರ್ಪಿನಲ್ಲಿ, ಗುಡ್ಡಗಾಡಿನ ಜನಕ್ಕೆ ಓಡಾಡುವ ರಸ್ತೆಯೂ ಜೀವಿಸುವ ಹಕ್ಕಿನ ಭಾಗ ಎಂಬ ಮಾತು ಬಂತು. ಮಳೆಗಾಲದಲ್ಲಿ ಹಳ್ಳ ದಾಟಲು ಅಡಕೆ ದಬ್ಬೆಯ ಕಾಲುಸಂಕವನ್ನೇ ನಂಬಿದ ಊರುಗಳು ನಮ್ಮ ಮಲೆನಾಡಿನಲ್ಲಿ, ಕರಾವಳಿಯ ಘಟ್ಟದ ತಪ್ಪಲಿನಲ್ಲಿ ಇವತ್ತಿಗೂ ಇವೆ. ಶಾಲೆಗೆ ಹೋಗುವ ಮಕ್ಕಳು ಅದರ ಮೇಲೆಯೇ ನಡೆಯಬೇಕು. ಆ ಊರಿನವರು ಪಂಚಾಯಿತಿಗೆ, ಶಾಸಕರಿಗೆ, ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಕೊಟ್ಟು ಸೋತಿರುತ್ತಾರೆ. ಮನವಿಯಲ್ಲಿ ‘ದಯಮಾಡಿ’ ಎಂದು ಬರೆಯುವವರಿಗೆ, ಇದು ದಯೆಯ ವಿಷಯವಲ್ಲ, ಹಕ್ಕಿನ ವಿಷಯ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದೆ ಎಂಬುದು ತಿಳಿದಿದ್ದರೆ ಅರ್ಜಿಯ ಧಾಟಿಯೇ ಬೇರೆಯಾಗುತ್ತದೆ. ಅದೇ ತೀರ್ಪು ಬಜೆಟ್ಟಿನ ಮಿತಿಯ ಬಗ್ಗೆ, ನ್ಯಾಯಾಲಯ ಸರ್ಕಾರದ ಕೆಲಸವನ್ನು ತಾನೇ ಕೈಗೆ ತೆಗೆದುಕೊಳ್ಳಲಾಗದು ಎಂಬ ಎಚ್ಚರದ ಬಗ್ಗೆಯೂ ಮಾತಾಡುತ್ತದೆ. ಅದನ್ನೂ ಹೇಳಬೇಕು. ಹಕ್ಕಿನ ಮಾತನ್ನಷ್ಟೇ ಹೇಳಿ ಮಿತಿಯನ್ನು ಮುಚ್ಚಿಟ್ಟರೆ ಅದು ಅರ್ಧ ಶಿಕ್ಷಣ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ನ್ಯಾಯಾಧೀಶರು ತೀರ್ಪಿನ ಮೂಲಕವೇ ಮಾತಾಡಬೇಕು, ಸಭೆಗಳಲ್ಲಿ ಅಲ್ಲ ಎಂಬುದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿ 1997ರ ಮೇ 7ರಂದು ಒಪ್ಪಿದ ನಡಾವಳಿ ಸಂಹಿತೆಯಲ್ಲೇ ಇದಿದೆ: ರಾಜಕೀಯ ವಿಷಯಗಳ ಬಗ್ಗೆ, ಮುಂದೆ ತಮ್ಮೆದುರು ಬರಬಹುದಾದ ವಿಷಯಗಳ ಬಗ್ಗೆ ಬಹಿರಂಗವಾಗಿ ಅಭಿಪ್ರಾಯ ಹೇಳಬಾರದು. ಬ್ರಿಟನ್ನಿನಲ್ಲಿ 1955ರಲ್ಲಿ ಆಗಿನ ಲಾರ್ಡ್ ಚಾನ್ಸಲರ್ ಕಿಲ್‌ಮ್ಯೂರ್ ಅವರು ನ್ಯಾಯಾಧೀಶರು ರೇಡಿಯೊದಲ್ಲಿ ಮಾತಾಡದಿರುವುದೇ ಲೇಸು ಎಂದು ಬಿಬಿಸಿಗೆ ಪತ್ರ ಬರೆದಿದ್ದರು; ಆ ಕಟ್ಟುನಿಟ್ಟು ಸಡಿಲವಾದದ್ದು 1987ರಲ್ಲಿ. ಈ ಹೆದರಿಕೆಗೆ ಆಧಾರವಿದೆ. 2020ರ ಫೆಬ್ರವರಿ 15ರಂದು ಇದೇ ದೇಸಾಯಿ ಉಪನ್ಯಾಸದಲ್ಲಿ ಡಿ.ವೈ. ಚಂದ್ರಚೂಡ್ ಅವರು ಭಿನ್ನಮತವು ಪ್ರಜಾಪ್ರಭುತ್ವದ ಸುರಕ್ಷತಾ ಕವಾಟ ಎಂದು ಹೇಳಿ, ಭಿನ್ನಮತಕ್ಕೆ ರಾಷ್ಟ್ರವಿರೋಧಿ ಹಣೆಪಟ್ಟಿ ಹಚ್ಚುವುದನ್ನು ಖಂಡಿಸಿದರು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶದಲ್ಲಿ ಪ್ರತಿಭಟನೆ ನಡೆಯುತ್ತಿದ್ದ ದಿನಗಳವು, ಆ ಕಾಯ್ದೆಯ ಮೇಲಿನ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿ ಬಾಕಿ ಇದ್ದವು. ಅವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೂ ಆ ಮಾತಿಗೆ ಕೆಲವರು ಸಂತೋಷದಿಂದ, ಕೆಲವರು ಸಿಟ್ಟಿನಿಂದ ರಾಜಕೀಯ ಬಣ್ಣ ಕಟ್ಟಿದ್ದು ಸಹಜವಾಗಿತ್ತು. ಈ ಆಕ್ಷೇಪಕ್ಕೆ ನನ್ನ ಸಲಹೆಯಲ್ಲೇ ಉತ್ತರವಿದೆ. ಮುಗಿದುಹೋದ, ದಿವಂಗತರು ಬರೆದ, ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪನ್ನು ವಿವರಿಸುವವನು ಯಾವ ಬಾಕಿ ಮೊಕದ್ದಮೆಯ ಬಗ್ಗೆಯೂ ಮಾತಾಡಬೇಕಾಗಿಲ್ಲ. ಭಾಷಣಕಾರರು ಹಾಲಿ ನ್ಯಾಯಮೂರ್ತಿಯೇ ಆಗಬೇಕೆಂಬ ನಿಯಮವೂ ಇಲ್ಲ. ನಿವೃತ್ತರು, ಕಾನೂನು ಕಾಲೇಜಿನ ಅಧ್ಯಾಪಕರು, ಆ ಮೊಕದ್ದಮೆ ನಡೆಸಿದ ವಕೀಲರು ಇವರೆಲ್ಲ ಇದ್ದಾರೆ. ಹಾಲಿ ನ್ಯಾಯಮೂರ್ತಿ ಬಂದರೇ ಸಭೆಗೆ ತೂಕ ಎಂದು ಸಂಘಟಕರು ಭಾವಿಸುವುದರ ಹಿಂದೆ ಕಲಿಕೆಗಿಂತ ಪ್ರತಿಷ್ಠೆಯ ಆಸೆ ಹೆಚ್ಚು. ನಾಳೆ ಅದೇ ನ್ಯಾಯಮೂರ್ತಿಯ ಮುಂದೆ ವಾದ ಮಾಡಬೇಕಾದ ವಕೀಲರು ಇಂದು ಅವರಿಗೆ ಶಾಲು ಹೊದಿಸುವ ಮುಜುಗರವೂ ಇದರಿಂದ ತಪ್ಪುತ್ತದೆ.

ಇನ್ನು, ಕಾನೂನನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಹಳೆಯ ತಕರಾರು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷ್, ಸರಿ. ಆದರೆ ತಾಲ್ಲೂಕು ಕೋರ್ಟಿನ ಮೊಗಸಾಲೆಯಲ್ಲಿ ನಿಂತು ನೋಡಿ. ದಾವೆ, ವಕಾಲತ್ತು, ವಾಯಿದೆ, ಜಾಮೀನು, ತಡೆಯಾಜ್ಞೆ, ಪಾಟಿಸವಾಲು, ಅಮೀನ ತಂದ ಸಮನ್ಸು, ಎಲ್ಲವೂ ದಿನವಿಡೀ ಕನ್ನಡದಲ್ಲೇ ನಡೆಯುತ್ತದೆ. ಸಾಕ್ಷಿಯ ಹೇಳಿಕೆ ಕನ್ನಡದಲ್ಲೇ ಬರುತ್ತದೆ. ಸುಪ್ರೀಂ ಕೋರ್ಟು 2019ರಿಂದ ತನ್ನ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸುತ್ತಿದೆ, ಮೊದಲ ಕಂತಿನಲ್ಲೇ ಕನ್ನಡವಿತ್ತು. 2023ರಲ್ಲಿ ಕೇಶವಾನಂದ ಭಾರತಿ ಪ್ರಕರಣದ ಪರಿಚಯವನ್ನು ಕನ್ನಡವೂ ಸೇರಿದಂತೆ ಹತ್ತು ಭಾಷೆಗಳಲ್ಲಿ ಒದಗಿಸಿತು. ಯಂತ್ರದ ನೆರವಿನ ಆ ಅನುವಾದಗಳು ಓದಲು ಕಷ್ಟ ಎಂಬುದು ನಿಜ. ಅದಕ್ಕೇ ಎದುರು ನಿಂತು ಬಿಡಿಸಿ ಹೇಳುವವರು ಬೇಕು.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳು ಈ ಕೆಲಸವನ್ನು ಮಾಡುತ್ತಲೇ ಇವೆಯಲ್ಲ ಎಂದೂ ಕೇಳಬಹುದು. 1987ರ ಕಾಯ್ದೆ ಕಾನೂನು ಸಾಕ್ಷರತೆಯನ್ನು ಅವುಗಳ ಕರ್ತವ್ಯವೆಂದೇ ಹೇಳಿದೆ. ಶಾಲೆ, ಅಂಗನವಾಡಿ, ಸಂತೆಗಳಲ್ಲಿ ನಡೆಯುವ ಅರಿವು ಕಾರ್ಯಕ್ರಮಗಳಿಂದ ಬಾಲ್ಯವಿವಾಹ, ಮೋಟಾರು ವಿಮೆ, ಲೋಕ ಅದಾಲತ್ತುಗಳ ಬಗ್ಗೆ ಜನಕ್ಕೆ ತಿಳಿದಿದೆ. ಬೆಲೆಯುಳ್ಳ ಕೆಲಸ ಅದು. ಅಲ್ಲಿ ಹೇಳುವುದು ಕಾಯ್ದೆ ಏನು, ದಂಡ ಎಷ್ಟು, ಅರ್ಜಿ ಎಲ್ಲಿ ಎಂಬುದನ್ನು. ನ್ಯಾಯಮೂರ್ತಿಗಳು ಪರಸ್ಪರ ಒಪ್ಪದೆ ಬರೆದುಕೊಂಡ ವಾದಗಳನ್ನು ಅಲ್ಲಿ ಯಾರೂ ಹೇಳುವುದಿಲ್ಲ, ಹೇಳುವ ಸಮಯವೂ ಇರುವುದಿಲ್ಲ. ಆ ಜಾಗ ಖಾಲಿಯಿದೆ.

ಭಾಷಣದಿಂದ ಏನಾಗುತ್ತದೆ ಎನ್ನುವವರಿಗೆ ಸುನಂದಾ ಭಂಡಾರೆ ಅವರ ಹೆಸರಿನ ಪ್ರತಿಷ್ಠಾನವನ್ನು ತೋರಿಸಬೇಕು. ಅದು ಉಪನ್ಯಾಸಕ್ಕೆ ನಿಲ್ಲಲಿಲ್ಲ. 1995ರ ಅಂಗವಿಕಲರ ಕಾಯ್ದೆಯನ್ನು ಜಾರಿಗೆ ತನ್ನಿ, ವಿಶ್ವವಿದ್ಯಾಲಯ, ಕಾಲೇಜುಗಳ ಬೋಧಕ ಹುದ್ದೆಗಳಲ್ಲಿ ದೃಷ್ಟಿಹೀನರಿಗೆ ಶೇ 1ರ ಮೀಸಲಾತಿ ಕೊಡಿ ಎಂದು 1998ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2014ರ ಮಾರ್ಚ್ 26ರಂದು ನ್ಯಾಯಾಲಯ ಕೇಂದ್ರ, ರಾಜ್ಯಗಳೆಲ್ಲ ಆ ವರ್ಷ ಮುಗಿಯುವುದರೊಳಗೆ ಕಾಯ್ದೆಯನ್ನು ಜಾರಿಗೆ ತರಬೇಕೆಂದು ಆದೇಶಿಸಿತು. ಹದಿನಾರು ವರ್ಷ ಹಿಡಿಯಿತು ಎಂಬುದು ಬೇಸರದ ವಿಷಯ. ಆದರೂ ನ್ಯಾಯಮೂರ್ತಿಯೊಬ್ಬರ ನೆನಪನ್ನು ಕೆಲಸವಾಗಿ ಉಳಿಸುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಕಾಣದು.

ನಮ್ಮ ಕಡೆ ಇದಕ್ಕೆ ಬೇಕಾದ ವಸ್ತುವಿಗೆ ಬರವಿಲ್ಲ. ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ ಅವರು ಕೇಶವಾನಂದ ಭಾರತಿ ಪ್ರಕರಣದ ಹದಿಮೂರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಏಳು ಜನರ ಬಹುಮತದಲ್ಲಿ ಇದ್ದವರು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಕನ್ನಡದ ಮಠ ಅದು. 68 ದಿನ ವಿಚಾರಣೆ ನಡೆದು 1973ರ ಏಪ್ರಿಲ್ 24ರಂದು ತೀರ್ಪು ಬಂತು. ಮರುದಿನವೇ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಘೋಷಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಕರಾವಳಿಯ ಜನ ಅವರ ಹೆಸರನ್ನು ಆಸ್ಪತ್ರೆಯ, ಕಾಲೇಜಿನ ಫಲಕಗಳಲ್ಲಿ ದಿನವೂ ಓದುತ್ತಾರೆ. ಅವರು ಅದೇ ಪೀಠದ ನ್ಯಾಯಮೂರ್ತಿ ಮುಖರ್ಜಿಯವರ ಜೊತೆ ಸೇರಿ ಬರೆದ ತೀರ್ಪಿನಲ್ಲಿ ಏನಿದೆ ಎಂಬುದು ಆ ಫಲಕದ ಕೆಳಗೆ ಓಡಾಡುವ ಎಷ್ಟು ಜನರಿಗೆ ಗೊತ್ತು? ಹಾಗೆಯೇ ವೆಂಕಟರಾಮಯ್ಯನವರು ಪತ್ರಿಕಾ ಕಾಗದದ ಮೇಲಿನ ಸುಂಕದ ಮೊಕದ್ದಮೆಯಲ್ಲಿ, ಗಂಗಾ ತೀರದ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಬರೆದದ್ದನ್ನು ಓದಿದರೆ ಪತ್ರಿಕಾ ಸ್ವಾತಂತ್ರ್ಯ ಮತ್ತು ನದಿ ಎರಡರ ಬಗ್ಗೆಯೂ ಕನ್ನಡದಲ್ಲಿ ಒಳ್ಳೆಯ ಚರ್ಚೆ ನಡೆಸಬಹುದು.

ನಿಮ್ಮ ಜಿಲ್ಲೆಯ ವಕೀಲರ ಸಂಘವೋ, ಕಾನೂನು ಕಾಲೇಜೋ ನ್ಯಾಯಮೂರ್ತಿಯೊಬ್ಬರ ಹೆಸರಿನಲ್ಲಿ ಉಪನ್ಯಾಸ ನಡೆಸುತ್ತಿದ್ದರೆ ಹೋಗಿ ಕೂತುಕೊಳ್ಳಿ. ಆ ನ್ಯಾಯಮೂರ್ತಿ ಬರೆದ ತೀರ್ಪಿನ ನಾಲ್ಕು ಪುಟಗಳನ್ನಾದರೂ ಕನ್ನಡದಲ್ಲಿ ಅಚ್ಚುಮಾಡಿ ಮುಂಚಿತವಾಗಿ ಹಂಚಬೇಕೆಂದು, ಭಾಷಣದ ನಂತರ ಪ್ರಶ್ನೆಗೆ ಅರ್ಧ ಗಂಟೆ ಬಿಡಬೇಕೆಂದು, ಮುಂದಿನ ವರ್ಷದ್ದನ್ನು ಒಂದು ತಾಲ್ಲೂಕು ಊರಿನಲ್ಲಿ ಇಡಬೇಕೆಂದು ಸಂಘಟಕರನ್ನು ಕೇಳಿ. ಹಾರ, ಶಾಲುಗಳಿಗೆ ಆಗುವ ಖರ್ಚಿನಲ್ಲೇ ಇದು ಆಗುತ್ತದೆ.